ಪದಗಳ ಅರ್ಥ ಬರೆಯಿರಿ

ತರಗತಿಯಲ್ಲಿ ನಾನು ನಕ್ಕ ಒಂದು ನಗೆ ವರ್ಷ ಕಳೆದರೂ ನನ್ನ ಬೆನ್ನು ಬಿಟ್ಟಿಲ್ಲ. ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ನಾನು, ರಾಜ್ಯೋತ್ಸವದ ವಾರದಲ್ಲಿ ಒಂಬತ್ತನೆಯ ತರಗತಿಯ ಮಕ್ಕಳಿಗೆ ಪಠ್ಯದ ಹೊರಗಿನದೊಂದು ಅಭ್ಯಾಸ ಕೊಟ್ಟಿದ್ದೆ. ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ದಿನವೂ ಕಿವಿಗೆ ಬೀಳುವ ಹತ್ತು ಪದಗಳನ್ನು ಆರಿಸಿಕೊಂಡು, ನಿಘಂಟು ನೋಡದೆ, ತಮಗೆ ತಿಳಿದಂತೆ ಅರ್ಥ ಬರೆದು ತರಬೇಕು ಎಂದು ಹೇಳಿದ್ದೆ. ಪ್ರಶ್ನೆಪತ್ರಿಕೆಯಲ್ಲಿ ‘ಈ ಕೆಳಗಿನ ಪದಗಳ ಅರ್ಥ ಬರೆಯಿರಿ’ ಎಂಬ ಸಾಲಿನ ಕೆಳಗೆ ಮಕ್ಕಳು ಬರೆಯುವುದೆಲ್ಲ ಪುಸ್ತಕದ ಕೊನೆಯ ಪುಟದಿಂದ ಬಾಯಿಪಾಠ ಮಾಡಿದ್ದೇ ಆಗಿರುತ್ತದೆ. ಒಮ್ಮೆಯಾದರೂ ಅವರೇ ಯೋಚಿಸಲಿ ಎಂಬುದು ನನ್ನ ಆಸೆಯಾಗಿತ್ತು. ಮರುದಿನ ನೋಟ್‌ಬುಕ್ಕುಗಳು ಬಂದವು. ಒಂದೊಂದನ್ನೇ ತೆರೆದು, ಚೆನ್ನಾಗಿರುವುದನ್ನು ಗಟ್ಟಿಯಾಗಿ ಓದತೊಡಗಿದೆ. ‘ಮೀಟಿಂಗ್: ಸಾಹೇಬರು ಆಫೀಸಿನಲ್ಲಿ ಇಲ್ಲದಾಗ ನಡೆಯುವುದು’ ಎಂದು ಒಬ್ಬ ಬರೆದಿದ್ದ. ‘ಇಲ್ಲೇ: ನಡೆದು ಹೊರಟವರು ಸಾಕಾಗಿ ಕುಳಿತುಕೊಳ್ಳುವಷ್ಟು ದೂರ’ ಎಂದು ಇನ್ನೊಬ್ಬ. ತರಗತಿ ನಗುತ್ತಿತ್ತು, ನಾನೂ ನಗುತ್ತಿದ್ದೆ.

ಆಗ ಕ್ಯಾಂಪಿನಿಂದ ಬರುವ ಹುಡುಗಿಯೊಬ್ಬಳ ನೋಟ್‌ಬುಕ್ಕು ಕೈಗೆ ಬಂತು. ಅವಳ ಮೊದಲ ಪದವೇ ‘ಕ್ಯಾಂಪು’. ಅದರ ಮುಂದೆ, ‘ನಮ್ಮ ತಾತ ಎರಡು ಬೆಳೆ ಬೆಳೆದು ವಾಪಸು ಹೋಗೋಣ ಎಂದು ಬಂದ ಜಾಗ’ ಎಂದಿತ್ತು. ನಾನು ಓದಿದ ಕೂಡಲೇ ಹಿಂದಿನ ಬೆಂಚಿನ ತನಕ ನಗೆ ಹರಿಯಿತು. ಏಕೆಂದರೆ ಆ ಕ್ಯಾಂಪು ಎಷ್ಟು ಹಳೆಯದೆಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿ ಅಕ್ಕಿ ಗಿರಣಿಯಿದೆ, ರಾಮನ ಗುಡಿಯಿದೆ, ತಾರಸಿಯ ಮನೆಗಳಿವೆ. ನಾನೂ ನಕ್ಕೆ. ನಗುತ್ತಲೇ ಎರಡನೆಯ ಸಾಲಿಗೆ ಬಂದೆ. ‘ತಾತನ ಸಮಾಧಿ ಕಾಲುವೆಯ ದಂಡೆಗೆ ಇದೆ’ ಎಂದು ಅಲ್ಲಿ ಬರೆದಿತ್ತು. ನಾನು ತಲೆಯೆತ್ತಿದಾಗ ಅವಳು ಎದ್ದು ನಿಂತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಲೆಕ್ಕದ ಉತ್ತರ ತಾಳೆಯಾಗದಾಗ ಮಕ್ಕಳ ಮುಖದಲ್ಲಿ ಮೂಡುವ ಗೊಂದಲ ಮಾತ್ರ ಇತ್ತು. “ತಪ್ಪೈತೇನ್ರಿ ಸರ?” ಎಂದು ಕೇಳಿದಳು. ಇಲ್ಲಮ್ಮ, ಬಹಳ ಚೆನ್ನಾಗಿದೆ ಎಂದು ಹೇಳಿ ಕುಳ್ಳಿರಿಸಿದೆ. ಚೆನ್ನಾಗಿದ್ದರೆ ಯಾಕೆ ನಕ್ಕಿರಿ ಎಂದು ಅವಳು ಕೇಳಲಿಲ್ಲ. ಅಂದಿನಿಂದ ನಾನೇ ನನ್ನನ್ನು ಅದನ್ನು ಕೇಳಿಕೊಳ್ಳುತ್ತಿದ್ದೇನೆ.

ಅವಳು ಬರೆದದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು, ಎಡದಂಡೆ ಕಾಲುವೆ ಕೊಪ್ಪಳ, ಗಂಗಾವತಿ, ಸಿಂಧನೂರು, ಮಾನ್ವಿಗಳ ಎರೆಹೊಲಗಳಿಗೆ ನೀರು ತಂದಾಗ, ಗದ್ದೆಯ ಬೇಸಾಯ ಬಲ್ಲ ತೆಲುಗು ಕುಟುಂಬಗಳು ಕರಾವಳಿ ಆಂಧ್ರದ ಕಡೆಯಿಂದ ಬಂದು ಹೊಲ ಕೊಂಡು ಗುಡಿಸಲು ಹಾಕಿದವು. ಆ ಗುಡಿಸಲುಗಳ ಗುಂಪಿಗೆ ಕ್ಯಾಂಪು ಎಂಬ ಹೆಸರು ಬಿತ್ತು. ಗುಡಿಸಲು ಮನೆಯಾದರೂ, ಮನೆ ಊರಾದರೂ, ಗ್ರಾಮ ಪಂಚಾಯಿತಿಯೇ ಬಂದರೂ ಹೆಸರು ಮಾತ್ರ ಕ್ಯಾಂಪಾಗಿಯೇ ಉಳಿಯಿತು. ಸಿಂಧನೂರಿನಲ್ಲಿ ಇನ್ನೊಂದು ಬಗೆಯ ಕ್ಯಾಂಪುಗಳೂ ಇವೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರ ನೆಲೆ ಕೊಟ್ಟ ಆರ್.ಎಚ್. ಕ್ಯಾಂಪುಗಳು ಅವು. ಆರ್.ಎಚ್. ಎಂದರೆ ಪುನರ್ವಸತಿ ಎಂಬುದನ್ನು ನಮ್ಮ ಬಸ್ ಕಂಡಕ್ಟರುಗಳೂ ಮರೆತಿದ್ದಾರೆ. ನಿಘಂಟಿನಲ್ಲಿ ಕ್ಯಾಂಪಿಗೆ ಬಿಡಾರ, ತಾತ್ಕಾಲಿಕ ತಂಗುದಾಣ ಎಂಬ ಅರ್ಥವಿದೆ. ನಮ್ಮ ತಾಲ್ಲೂಕಿನಲ್ಲಿ ಆ ಪದ ಏನನ್ನು ಹೊತ್ತಿದೆ ಎಂಬುದನ್ನು ಆ ಹುಡುಗಿಯ ಎರಡು ವಾಕ್ಯಗಳಷ್ಟು ಸರಿಯಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ನಗೆ ಯಾವ ಕಡೆಯಿಂದ ಬಂತು

ನಗಿಸುವ ಅರ್ಥಗಳನ್ನು ಬರೆಯುವ ಹವ್ಯಾಸ ಹೊಸದಲ್ಲ. ಕನ್ನಡದಲ್ಲಿ ಈ ಕೆಲಸವನ್ನು ಮನಸ್ಸಿಟ್ಟು ಮಾಡಿದವರು ನಾ. ಕಸ್ತೂರಿ. ಕೇರಳದಲ್ಲಿ ಹುಟ್ಟಿ, ಮೈಸೂರಿಗೆ ಬಂದು ಕನ್ನಡ ಕಲಿತು, ರಾಶಿಯವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಹಾಸ್ಯ ಪತ್ರಿಕೆಯ ಬಳಗದಲ್ಲಿ ಬೆಳೆದ ಅವರು ತಮ್ಮ ನಗೆನಿಘಂಟಿಗೆ ‘ಅನರ್ಥಕೋಶ’ ಎಂದು ಹೆಸರಿಟ್ಟರು. ಆ ಹೆಸರೇ ಒಂದು ಪಾಠ ಎಂದು ನನಗೆ ಅನ್ನಿಸುತ್ತದೆ. ಅನರ್ಥವೆಂದರೆ ಅರ್ಥವಿಲ್ಲದ್ದು, ಅನರ್ಥವೆಂದರೆ ಕೇಡು ಕೂಡ. ಪದವನ್ನು ಅದರ ನೆಟ್ಟನೆಯ ಅರ್ಥದಿಂದ ಒಂದಿಷ್ಟು ಸರಿಸಿದರೆ ನಗೆಯೂ ಬರಬಹುದು, ಕೇಡೂ ಬರಬಹುದು ಎಂಬ ಎಚ್ಚರ ಅದರೊಳಗೆ ಅಡಗಿದೆ. ನಮ್ಮ ಕಡೆಯವರೆಂದರೆ ಬೀಚಿ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು ತಮ್ಮ ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟಾಗ, ಬದುಕನ್ನು ಬರೆಯಲು ಕುಳಿತವನ ಒಳಗಿನ ಭಯವನ್ನು ಒಂದೇ ಅಕ್ಷರ ಬದಲಿಸಿ ತೋರಿಸಿದರು. ಇಬ್ಬರೂ ನಕ್ಕದ್ದು ತಮ್ಮವರ ನಡುವೆ ನಿಂತು.

ಇನ್ನೊಂದು ಕಡೆ ನಿಂತು ನಕ್ಕವರೂ ಇದ್ದಾರೆ. ಇಂಗ್ಲಿಷಿನ ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಹೊರತಂದ ತನ್ನ ದೊಡ್ಡ ನಿಘಂಟಿನಲ್ಲಿ ಓಟ್ಸ್ ಎಂಬ ಧಾನ್ಯಕ್ಕೆ ಅರ್ಥ ಬರೆಯುತ್ತ, ಇಂಗ್ಲೆಂಡಿನಲ್ಲಿ ಇದನ್ನು ಸಾಮಾನ್ಯವಾಗಿ ಕುದುರೆಗಳಿಗೆ ಹಾಕುತ್ತಾರೆ, ಸ್ಕಾಟ್ಲೆಂಡಿನಲ್ಲಿ ಇದು ಜನರನ್ನು ಸಾಕುತ್ತದೆ ಎಂದು ಬರೆದ. ಇನ್ನೂರೈವತ್ತು ವರ್ಷಗಳಿಗೂ ಮೇಲಾಗಿ ಓದುಗರು ಅದಕ್ಕೆ ನಗುತ್ತ ಬಂದಿದ್ದಾರೆ. ಕಾಲೇಜಿನಲ್ಲಿ ಓದಿದಾಗ ನಾನೂ ನಕ್ಕಿದ್ದೆ. ಈಗ ಮಾತ್ರ ಅದನ್ನು ನೆನೆದಾಗ ನನ್ನ ಅಮ್ಮ ಬಡಿಯುವ ಜೋಳದ ರೊಟ್ಟಿ ಕಣ್ಣಮುಂದೆ ಬರುತ್ತದೆ. ತರಬೇತಿಗೆಂದು ಬೆಂಗಳೂರಿಗೆ ಹೋದಾಗ, ಬುತ್ತಿಯಲ್ಲಿ ಒಯ್ದಿದ್ದ ಕಟಕಲು ರೊಟ್ಟಿಯನ್ನು ನೋಡಿ ಜೊತೆಯವರೊಬ್ಬರು, ಇದನ್ನು ಮುರಿಯಲು ಸುತ್ತಿಗೆ ಬೇಕಲ್ಲವೇ ಎಂದಿದ್ದರು. ಅವರಿಗೆ ಕೆಟ್ಟ ಮನಸ್ಸಿರಲಿಲ್ಲ. ಆದರೆ ಅದು ಓಟ್ಸಿನ ಅರ್ಥದಂತೆಯೇ ಹೊರಗಿನಿಂದ ಕೊಟ್ಟ ಅರ್ಥ. ತಿಂದವರು ಕೊಡುವ ಅರ್ಥ ಬೇರೆ ಇರುತ್ತದೆ. ನನ್ನ ಅಜ್ಜಿಯನ್ನು ಕೇಳಿದ್ದರೆ, “ಬಿಸಿ ರೊಟ್ಟಿ ಮನಿಗೆ, ಕಟಕ್ ರೊಟ್ಟಿ ದಾರಿಗೆ” ಎನ್ನುತ್ತಿದ್ದಳು. ಒಣಗಿಸಿದ ರೊಟ್ಟಿ ಏಕೆ ಇದೆ, ಯಾರಿಗಾಗಿ ಇದೆ ಎಂಬುದೆಲ್ಲ ಆ ಮಾತಿನಲ್ಲಿ ಬಂದುಬಿಡುತ್ತದೆ.

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಮಾತನ್ನು ಕೇಳದ ಕನ್ನಡಿಗರಿಲ್ಲ. ಆ ಮಾತನ್ನು ನಮ್ಮವರೂ ಹೇಳುತ್ತಾರೆ, ಹೇಳಿ ನಗುತ್ತಾರೆ. ಆದರೆ ಇಲ್ಲಿ ಬಾಳುವವರಿಗೆ ಬಿಸಿಲು ಒಂದೇ ಪದವಾಗಿ ಸಾಲುವುದಿಲ್ಲ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಕರೆಂಟು ಹೋಗಿ ಪಡಸಾಲೆಯಲ್ಲಿ ಕುಳಿತಿದ್ದಾಗ ನಾನು ಅಮ್ಮನನ್ನು ಕೇಳಿದೆ: ನೀನು ಒಮ್ಮೆ ಬಿಸಿಲು ಎನ್ನುತ್ತಿ, ಒಮ್ಮೆ ಜಳ ಎನ್ನುತ್ತಿ, ಒಮ್ಮೆ ಧಗಿ ಎನ್ನುತ್ತಿ, ಇವುಗಳಲ್ಲಿ ಏನು ಬೇರೆ? ಅವಳು ಬೀಸಣಿಗೆ ನಿಲ್ಲಿಸಲಿಲ್ಲ. “ಬಿಸಲು ನೆತ್ತಿಗೆ ಬಡೀತೈತಿ. ಜಳ ಮಾರಿಗೆ ಬಡೀತೈತಿ. ಧಗಿ ಎಲ್ಲಿಂದ ಬಡೀತೈತಿ ಅಂತ ಗೊತ್ತಾಗಂಗಿಲ್ಲ” ಎಂದಳು. ಸ್ವಲ್ಪ ಹೊತ್ತಾದ ಮೇಲೆ, ನಾನು ಕೇಳದೆಯೇ, “ಬಿಸಲಿಗೆ ನೆರಳೈತಿ. ಜಳಕ್ಕ ಬಾಗಲಾ ಹಾಕ್ಕೋಬೋದು. ಧಗಿಗೆ ರಾತ್ರಿನೂ ಇಲ್ಲ” ಎಂದು ಸೇರಿಸಿದಳು. ಮೂರು ಪದಗಳನ್ನು ಇಷ್ಟು ಅಚ್ಚುಕಟ್ಟಾಗಿ ಬೇರ್ಪಡಿಸಲು ಪದವಿ ಓದಿದ ನನಗೆ ಆಗುತ್ತಿರಲಿಲ್ಲ. ಅವಳು ಶಾಲೆಗೆ ಹೋದದ್ದು ಮೂರನೆಯ ಇಯತ್ತೆಯ ತನಕ. ಹೇಳುವಾಗ ಅವಳ ತುಟಿಯಲ್ಲಿ ನಗೆಯಿತ್ತು, ಹಣೆಯಲ್ಲಿ ಬೆವರಿತ್ತು. ಎರಡು ಕಾಲಗಳ ನಗೆಮಾತು ಬಳ್ಳಾರಿಯನ್ನು ದೂರದಿಂದ ನೋಡಿ ಮುಗಿಸಿಬಿಡುತ್ತದೆ. ಅಮ್ಮನದು ಬಿಸಿಲಿನೊಳಗೆ ಕುಳಿತು ಅದರ ಗೆರೆಗಳನ್ನು ಎಣಿಸುತ್ತದೆ.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು, ತಮ್ಮ ಮಾತು ಶುದ್ಧ ಕನ್ನಡವಲ್ಲ ಎಂದು ನಂಬಿಕೊಂಡೇ ಶಾಲೆಗೆ ಬರುತ್ತಾರೆ. ಟಿ.ವಿ.ಯ ಹಾಸ್ಯ ಕಾರ್ಯಕ್ರಮಗಳಲ್ಲಿ ನಮ್ಮ ಕಡೆಯ ಮಾತು ಕಿವಿಗೆ ಬಿದ್ದ ಕೂಡಲೇ ನಗೆಯ ಸದ್ದು ಏಳುವುದನ್ನು ಅವರು ಚಿಕ್ಕಂದಿನಿಂದ ಕೇಳಿರುತ್ತಾರೆ. ಅಲ್ಲಿ ಪಾತ್ರ ಏನು ಹೇಳಿತು ಎಂಬುದಕ್ಕೆ ಯಾರೂ ನಗುವುದಿಲ್ಲ, ‘ಐತಿ’ ಎಂದದ್ದಕ್ಕೆ ನಗುತ್ತಾರೆ. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳು ಇರುವ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆಗೆ ಕೊಪಣನಗರವನ್ನು, ಅಂದರೆ ಈಗಿನ ಕೊಪ್ಪಳವನ್ನು ಹೆಸರಿಸುತ್ತದೆ ಎಂದು ನಾನು ಪ್ರತಿವರ್ಷ ಹೇಳುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ, ಆದರೆ ನಂಬುವುದಿಲ್ಲ. ಅದೇ ಗ್ರಂಥದಲ್ಲಿ ಈ ನಾಡಿನವರು ‘ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್’, ಅಂದರೆ ಓದು ಕಲಿಯದೆಯೂ ಕಾವ್ಯ ಕಟ್ಟಬಲ್ಲವರು, ಎಂದಿದೆ. ಪಡಸಾಲೆಯ ಆ ಮಧ್ಯಾಹ್ನದ ನಂತರ ಆ ಸಾಲನ್ನು ಕಲಿಸುವಾಗ ನಾನು ಅಮ್ಮನ ಮೂರು ಅರ್ಥಗಳನ್ನೂ ಹಲಗೆಯ ಮೇಲೆ ಬರೆಯುತ್ತೇನೆ.

ಒಗಟನ್ನು ತಿರುಗಿಸಿ ಓದುವುದು

ಇಂಥ ಅರ್ಥಗಳು ನಮ್ಮವರಿಗೆ ಇಷ್ಟು ಸಲೀಸಾಗಿ ಹೇಗೆ ಬರುತ್ತವೆ ಎಂದು ಯೋಚಿಸಿದಾಗ ನನಗೆ ಹೊಳೆದದ್ದು ಒಗಟು. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲೈತಿ’ ಎಂದು ಅಜ್ಜಿ ಕೇಳಿದರೆ ಮಲ್ಲಿಗೆ ಎಂದು ನಾವು ಉತ್ತರ ಹೇಳಬೇಕಿತ್ತು. ಅಲ್ಲಿ ಅರ್ಥ ಮೊದಲು ಬರುತ್ತದೆ, ಪದ ಆಮೇಲೆ. ನಿಘಂಟಿನಲ್ಲಿ ಇದು ತಿರುಗಿ, ಪದ ಮೊದಲಾಗಿ ಅರ್ಥ ಆಮೇಲಾಗುತ್ತದೆ. ಒಗಟು ಬಿಡಿಸುತ್ತ ಬೆಳೆದವರಿಗೆ ಅದನ್ನು ಹಿಂದುಮುಂದಾಗಿ ಹೇಳುವುದು ಕಷ್ಟವಾಗುವುದಿಲ್ಲ. ಮಲ್ಲಿಗೆ ಎಂದರೇನು ಎಂದು ಕೇಳಿದರೆ ‘ಸುವಾಸನೆಯುಳ್ಳ ಒಂದು ಬಗೆಯ ಬಿಳಿಯ ಹೂವು’ ಎಂಬ ಉತ್ತರ ಅವರಿಗೆ ಹೊಳೆಯುವುದೇ ಇಲ್ಲ, ಗಿಡದ ಮೇಲೆ ಚೆಲ್ಲಿದ ಮೊಸರು ಕಣ್ಣಿಗೆ ಕಟ್ಟುತ್ತದೆ. ನಗೆ ಬರುವುದೂ ಅಲ್ಲಿಂದಲೇ. ಗೊತ್ತಿದ್ದ ವಸ್ತು ಗೊತ್ತಿಲ್ಲದ ಬಾಗಿಲಿನಿಂದ ಒಳಗೆ ಬಂದಾಗ ಒಂದು ಗಳಿಗೆ ಬೆರಗಾಗಿ, ಮರುಗಳಿಗೆ ಗುರುತು ಸಿಕ್ಕು ನಗುತ್ತೇವೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತನ್ನ ನಿಘಂಟಿನಲ್ಲಿ ಕಿಟ್ಟೆಲ್ ಪದಗಳ ಜೊತೆಗೆ ಗಾದೆಗಳನ್ನೂ ಕೊಡುತ್ತ ಹೋಗಿದ್ದಾನೆ. ಪದದ ಬದುಕು ಜನರ ಬಾಯಿಮಾತಿನಲ್ಲಿದೆ ಎಂಬುದು ಜರ್ಮನಿಯಿಂದ ಬಂದ ಆ ಪಾದ್ರಿಗೆ ತಿಳಿದಿತ್ತು.

ಪದ ಒಂದೇ ಆಗಿದ್ದು ಊರು ಬದಲಾದಾಗ ಅರ್ಥ ಬದಲಾಗುವುದು ಇನ್ನೊಂದು ಸೊಗಸು. ಮೈಸೂರು, ಬೆಂಗಳೂರಿನ ಕಡೆ ಒಗ್ಗರಣೆಯೆಂದರೆ ಎಣ್ಣೆಯಲ್ಲಿ ಸಿಡಿಸಿದ ಸಾಸಿವೆ, ಕರಿಬೇವು. ನಮ್ಮಲ್ಲಿ ಒಗ್ಗರಣಿಯೆಂದರೆ ತಟ್ಟೆ ತುಂಬ ಬರುವ ಬೆಳಗಿನ ನಾಷ್ಟಾ. ಮಂಡಾಳನ್ನು, ಅಂದರೆ ಮಂಡಕ್ಕಿಯನ್ನು, ನೀರಿನಲ್ಲಿ ನೆನೆಸಿ, ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿಣ ಹಾಕಿ ಹುರಿದು, ಮೇಲೆ ಪುಟಾಣಿ ಹಿಟ್ಟು ಉದುರಿಸಿ, ಪಕ್ಕದಲ್ಲಿ ಬಿಸಿ ಮಿರ್ಚಿ ಇಟ್ಟು ಕೊಡುವುದು. ಒಬ್ಬ ಹುಡುಗ ತನ್ನ ನೋಟ್‌ಬುಕ್ಕಿನಲ್ಲಿ, ‘ಒಗ್ಗರಣಿ: ಮಿರ್ಚಿ ತಿನ್ನಲು ಒಂದು ನೆಪ’ ಎಂದು ಬರೆದಿದ್ದ. ಅನ್ನ ಎಂಬ ಪದವೂ ಹಾಗೆಯೇ, ಆದರೆ ಅದರಲ್ಲಿ ಊರಿನ ಬದಲು ತಲೆಮಾರು ಕೆಲಸ ಮಾಡಿದೆ. ನನ್ನ ಅಜ್ಜಿಗೆ ಅನ್ನವೆಂದರೆ ಹಬ್ಬದ ದಿನ, ಬೀಗರು ಬಂದ ದಿನ, ಇಲ್ಲವೇ ಜ್ವರ ಬಂದ ದಿನ ಮಾಡುವ ಅಡುಗೆ. ಸೋನಾ ಮಸೂರಿ ಬೆಳೆಯುವ ಗದ್ದೆಗಳ ನಡುವೆ ಹುಟ್ಟಿದ ನನ್ನ ವಿದ್ಯಾರ್ಥಿಗಳಿಗೆ ಅದೇ ದಿನದ ಊಟ. ಕಾಲುವೆ ಹೊಲವನ್ನು ಬದಲಿಸಿದಂತೆ ಪದವನ್ನೂ ಬದಲಿಸಿತು.

ಕಾಲುವೆಯ ಪದಗಳು

ಕಾಲುವೆ ನಮ್ಮ ಮಾತಿಗೆ ತಂದ ಪದಗಳನ್ನೇ ಬರೆದರೆ ಒಂದು ಸಣ್ಣ ಕೋಶವಾಗುತ್ತದೆ. ಎಡದಂಡೆ ಮುಖ್ಯ ಕಾಲುವೆಯ ಉದ್ದ 227 ಕಿಲೋಮೀಟರು. ಅಷ್ಟು ದೂರ ನೀರು ಹರಿದು ಬರುವುದರೊಳಗೆ ಗೇಜು, ಡಿಸ್ಟ್ರಿಬ್ಯೂಟರಿ, ಆನ್ ಆ್ಯಂಡ್ ಆಫ್ (ಸರದಿಯ ಮೇಲೆ ನೀರು ಬಿಡುವುದು), ಐಸಿಸಿ (ನೀರಾವರಿ ಸಲಹಾ ಸಮಿತಿ) ಮೀಟಿಂಗು, ಟೇಲೆಂಡು ಎಂಬ ಪದಗಳು ಇಂಗ್ಲಿಷಿನ ಒಂದಕ್ಷರ ಓದದವರ ಬಾಯಲ್ಲೂ ನೆಲೆಯೂರಿವೆ. ಇವುಗಳಲ್ಲಿ ಟೇಲೆಂಡು ನನ್ನ ಮಾವನವರ ಊರಿನ ಪದ. ಮಾನ್ವಿಯ ಆಚೆ, ಕಾಲುವೆಯ ಕೊನೆಯ ಭಾಗದಲ್ಲಿ ಅವರ ಹೊಲವಿದೆ. ಅಲ್ಲಿನ ಚಹಾದಂಗಡಿಯ ಕಟ್ಟೆಯ ಮೇಲೆ ಒಂದು ಸಂಜೆ ನಾವು ಕುಳಿತಿದ್ದಾಗ, ಬೇರೆ ಜಿಲ್ಲೆಯಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ಯುವ ನೌಕರರೊಬ್ಬರು ಮಾತಿನ ನಡುವೆ, ಎಲ್ಲರೂ ಟೇಲೆಂಡ್ ಟೇಲೆಂಡ್ ಎನ್ನುತ್ತೀರಲ್ಲ, ಸರಿಯಾಗಿ ಅದು ಎಲ್ಲಿಂದ ಶುರುವಾಗುತ್ತದೆ ಎಂದು ಕೇಳಿದರು. ಅವರು ಮೈಲಿಗಲ್ಲಿನ ಲೆಕ್ಕ ಕೇಳಿದ್ದರು. ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು, ಬಸಿಯಲ್ಲಿ ಚಹಾ ಆರಿಸುತ್ತ, “ನೀರು ಬಂತು ಅಂತ ಪೇಪರಿನ್ಯಾಗ ಓದಿ ತಿಳ್ಕೊಳ್ಳೋ ಹೊಲ ಎಲ್ಲಿಂದ ಚಾಲೂ ಆಗ್ತಾವಲ್ರಿ, ಅಲ್ಲಿಂದ ಟೇಲೆಂಡು” ಎಂದರು.

ಕಟ್ಟೆಯವರೆಲ್ಲ ನಕ್ಕರು. ಆ ನೌಕರರೂ ನಕ್ಕರು, ಆದರೆ ಅವರ ನಗೆ ಬೇಗ ನಿಂತಿತು. ಹಿರಿಯರು ಚಹಾ ಕುಡಿದು, ಬಸಿಯನ್ನು ಕಪ್ಪಿನ ಮೇಲೆ ಬೋರಲು ಹಾಕಿ, ತಮ್ಮ ಹೊಲದ ಕಥೆ ಹೇಳಿದರು. ನಾಟಿ ಮಾಡಿ ಒಂದೂವರೆ ತಿಂಗಳಾದ ಮೇಲೆ ನೀರು ನಿಂತದ್ದು, ಮೇಲಿನ ಊರಿನವರೊಡನೆ ರಾತ್ರಿ ಜಗಳಾಡಿದ್ದು, ಎರೆಮಣ್ಣು ಬಾಯ್ಬಿಟ್ಟ ಬಿರುಕಿನಲ್ಲಿ ತಮ್ಮ ಮೊಮ್ಮಗನ ಕಾಲು ಸಿಕ್ಕಿಕೊಂಡದ್ದು. ಆ ಒಂದು ಅರ್ಥವಿವರಣೆಯಿಲ್ಲದೆ ನೇರವಾಗಿ ಈ ಕಥೆಗೆ ಇಳಿದಿದ್ದರೆ ಆ ಯುವಕರು ಅಷ್ಟು ಹೊತ್ತು ಕೇಳುತ್ತಿದ್ದರೋ ಇಲ್ಲವೋ. ದೂರನ್ನು ದೂರಾಗಿಯೇ ಹೇಳಿದರೆ ಎದುರಿನವರು ಉತ್ತರ ಹುಡುಕತೊಡಗುತ್ತಾರೆ. ಅರ್ಥವಾಗಿ ಹೇಳಿದರೆ ಒಪ್ಪಿಕೊಂಡು ನಕ್ಕುಬಿಟ್ಟಿರುತ್ತಾರೆ, ಒಪ್ಪಿಕೊಂಡ ಮೇಲೆ ಎದ್ದು ಹೋಗುವುದು ಕಷ್ಟ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಕೊಂಡು ಹೋದಾಗ ನಾಲ್ಕು ಜಿಲ್ಲೆಗಳ ಎದೆ ಧಸಕ್ಕೆಂದಿತು. ತುಂಬಿದ್ದ ನೀರು ಕಣ್ಣೆದುರೇ ಹೊಳೆಗೆ ಹೋಗುತ್ತಿತ್ತು. ಕೆಲವು ದಿನಗಳಲ್ಲಿ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟು ಕೂಡಿಸಿ ನೀರು ನಿಲ್ಲಿಸಿದರು. ಅದುವರೆಗೆ ಎಂಜಿನಿಯರುಗಳಿಗೆ ಮಾತ್ರ ಗೊತ್ತಿದ್ದ ಆ ಪದ ಒಂದೇ ವಾರದಲ್ಲಿ ಎಲ್ಲರದಾಯಿತು. ಆ ತಿಂಗಳ ಕೊನೆಯಲ್ಲಿ ನಮ್ಮ ಶಾಲೆಯ ಅಡುಗೆಯಾಕೆ ಕಿತ್ತುಹೋದ ಚಪ್ಪಲಿಯ ಉಂಗುಟಕ್ಕೆ ಪಿನ್ನು ಚುಚ್ಚಿಕೊಂಡು ನಡೆದು ಬರುತ್ತಿದ್ದಳು. ಹೊಸದು ತಗೋಬಾರದೇನವ್ವ ಎಂದು ಕೇಳಿದ್ದಕ್ಕೆ, “ಪಗಾರ ಆಗೂತನಕ ಸ್ಟಾಪ್‌ಲಾಗ್ ಕೂಡ್ಸೀನ್ರಿ” ಎಂದಳು. ಪದವೊಂದು ಭಾಷೆಗೆ ಸೇರುವುದನ್ನು ನಾನು ಅಷ್ಟು ಹತ್ತಿರದಿಂದ ಇನ್ನೆಂದೂ ಕಂಡಿಲ್ಲ. ನಿಘಂಟುಗಳು ಪದವನ್ನು ಸೇರಿಸಿಕೊಳ್ಳಲು ವರ್ಷಗಟ್ಟಲೆ ಕಾಯುತ್ತವೆ, ಆಕೆಗೆ ಇಪ್ಪತ್ತು ದಿನ ಸಾಕಾಯಿತು.

ಕರೆಂಟಿನ ಕಡೆಯಿಂದ ಬಂದ ಒಂದು ಪದವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಪಂಪ್‌ಸೆಟ್ ಇರುವ ಮನೆಗಳಲ್ಲಿ ‘ತ್ರೀಫೇಸು’ ದಿನಕ್ಕೆ ಹತ್ತು ಸಲ ಕೇಳುವ ಮಾತು. ‘ತ್ರೀಫೇಸು: ಹಾವು ಓಡಾಡುವ ಹೊತ್ತಿಗೆ ಬರುವ ಕರೆಂಟು’ ಎಂದು ಒಬ್ಬ ಹುಡುಗ ಬರೆದಿದ್ದ. ರಾಯಚೂರಿನ ಶಕ್ತಿನಗರದಲ್ಲಿರುವ ಉಷ್ಣ ವಿದ್ಯುತ್ ಸ್ಥಾವರದ ಸಾಮರ್ಥ್ಯ 1,720 ಮೆಗಾವ್ಯಾಟ್. ಅದೇ ಜಿಲ್ಲೆಯ ಆ ಹುಡುಗನ ಅಪ್ಪ ನಡುರಾತ್ರಿ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗಿ ಮೋಟರು ಚಾಲೂ ಮಾಡುತ್ತಾನೆ. ಹುಡುಗ ಇದಾವುದನ್ನೂ ವಿವರಿಸಿರಲಿಲ್ಲ. ಹಾವು ಎಂಬ ಒಂದು ಪದ ಇಟ್ಟು ಸುಮ್ಮನಾಗಿದ್ದ.

ಹೆಬ್ಬೆಟ್ಟು

ನಾನು ಬಹಳ ಹೊತ್ತು ನೋಡುತ್ತ ಕುಳಿತ ಇನ್ನೊಂದು ಪುಟವಿದೆ. ಹತ್ತಿ ಬಿಡಿಸಲು ಹೋಗುವ ತಾಯಿಯ ಮಗಳೊಬ್ಬಳು ‘ಹೆಬ್ಬೆಟ್ಟು’ ಎಂಬ ಪದಕ್ಕೆ ಮೂರು ಅರ್ಥ ಬರೆದಿದ್ದಳು. ‘1. ಮೊದಲು ಓದು ಬಾರದವರು ಒತ್ತುತ್ತಿದ್ದದ್ದು. 2. ಈಗ ಓದಿದವರೂ ಒತ್ತುವುದು. 3. ನಮ್ಮ ಅವ್ವಂದು ಹತ್ತದೇ ಇರುವುದು.’ ನಮ್ಮಲ್ಲಿ ಒಬ್ಬರನ್ನು ಹೆಬ್ಬೆಟ್ಟು ಎಂದರೆ ಸಹಿ ಬಾರದವರು ಎಂದು ಹೀಯಾಳಿಸಿದಂತೆ. ಅಡವು ಪತ್ರಗಳ ಮೇಲಿನ ನೀಲಿ ಹೆಬ್ಬೆಟ್ಟಿನ ಗುರುತಿನಿಂದ ಹೊಲ ಕಳೆದುಕೊಂಡವರ ಕಥೆ ಪ್ರತಿ ಹಳ್ಳಿಯಲ್ಲೂ ಇದೆ. ಆಮೇಲೆ ಬಯೊಮೆಟ್ರಿಕ್ ಯಂತ್ರಗಳು ಬಂದವು. ಹಾಜರಿ ಹಾಕಲು ಸಾಹೇಬರೂ ಬೆರಳು ಒತ್ತಬೇಕಾಯಿತು. ಹೀಯಾಳಿಕೆಯ ಪದದೊಳಗಿನ ವಿಷ ತಾನಾಗಿಯೇ ಇಳಿಯಬೇಕಿತ್ತು. ಆದರೆ ಮೂರನೆಯ ಅರ್ಥ ಉಳಿದುಕೊಂಡಿತು. ಹತ್ತಿಯ ಕಾಯಿ ಒಡೆದ ಮೇಲೆ ಅದರ ಸಿಪ್ಪೆಯ ತುದಿ ಒಣಗಿ ಮುಳ್ಳಿನಂತಾಗಿರುತ್ತದೆ. ಒಳಗಿನ ಅರಳೆಯನ್ನು ಹಿಡಿದು ಎಳೆಯುವಾಗ ಆ ತುದಿ ಬೆರಳನ್ನು ಗೀರುತ್ತದೆ. ಹಂಗಾಮು ಮುಗಿಯುವ ಹೊತ್ತಿಗೆ ಬಿಡಿಸುವವರ ಬೆರಳ ತುದಿ ಸವೆದು, ಗೆರೆಗಳೆಲ್ಲ ಮಾಸಿ, ನುಣ್ಣಗಾಗಿರುತ್ತವೆ. ರೇಷನ್ ಅಂಗಡಿಯ ಯಂತ್ರ ಆ ಬೆರಳನ್ನು ಗುರುತಿಸುವುದಿಲ್ಲ. ಆ ತಾಯಿ ಬೆರಳನ್ನು ಸೆರಗಿಗೆ ಒರೆಸಿ ಒತ್ತುತ್ತಾಳೆ, ನಾಲಿಗೆಗೆ ತಾಗಿಸಿ ಒತ್ತುತ್ತಾಳೆ, ತಲೆಗೂದಲಿನ ಎಣ್ಣೆಗೆ ತಿಕ್ಕಿ ಒತ್ತುತ್ತಾಳೆ ಎಂದು ಮಗಳು ಆಮೇಲೆ ಹೇಳಿದಳು. ಎಡಗೈಯ ಕಿರುಬೆರಳು ಮಾತ್ರ ಒಮ್ಮೊಮ್ಮೆ ಹತ್ತುತ್ತದೆಯಂತೆ. ಆ ಬೆರಳಿಗೆ ಅವರ ಮನೆಯಲ್ಲಿ ‘ರೇಷನ್ ಬಟ್ಟು’ ಎಂದು ಹೆಸರಿಟ್ಟಿದ್ದಾರೆ. ಇದನ್ನು ಹೇಳುವಾಗ ಅವಳು ನಕ್ಕಳು, ನಾನೂ ನಕ್ಕೆ. ಈ ನಗೆಯ ಬಗ್ಗೆ ನನಗೆ ಅಳುಕಿಲ್ಲ, ಏಕೆಂದರೆ ಅವಳೇ ಮೊದಲು ನಕ್ಕು ನನ್ನನ್ನು ಒಳಗೆ ಕರೆದಿದ್ದಳು.

ಕ್ಯಾಂಪಿನ ಹುಡುಗಿ ನಕ್ಕಿರಲಿಲ್ಲ. ಅವಳು ಕರೆಯುವ ಮುನ್ನವೇ ನಾನು ಒಳಗೆ ಹೋಗಿ ಕುಳಿತಿದ್ದೆ.

ಇನ್ನೊಬ್ಬ ಹುಡುಗ ತನ್ನ ಹತ್ತು ಪದಗಳಲ್ಲಿ ಒಂಬತ್ತಕ್ಕೆ ಅರ್ಥ ಬರೆದು, ‘ಗುಳೆ’ ಎಂದು ಬರೆದು ಮುಂದಿನ ಜಾಗ ಖಾಲಿ ಬಿಟ್ಟಿದ್ದ. ಲಿಂಗಸುಗೂರಿನ ಕಡೆಯ ಹುಡುಗ. ಅಪ್ಪ ಅವ್ವ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ, ಅವನು ಸೋದರಮಾವನ ಮನೆಯಲ್ಲಿದ್ದು ಓದುತ್ತಾನೆ. ಪದ ಅವನಿಗೆ ಗೊತ್ತಿಲ್ಲದೆ ಬಿಟ್ಟದ್ದಲ್ಲ. ನಾನು ಖಾಲಿ ಜಾಗಕ್ಕೆ ಗುರುತು ಹಾಕಲಿಲ್ಲ, ಏಕೆ ಬರೆದಿಲ್ಲ ಎಂದು ಕೇಳಲಿಲ್ಲ. ಅವನಿಗೆ ಹತ್ತಕ್ಕೆ ಹತ್ತು ಕೊಟ್ಟೆ.

ಗೋಡೆ ಪತ್ರಿಕೆ

ನೋಟ್‌ಬುಕ್ಕುಗಳ ಆಯ್ದ ಪದಗಳನ್ನು ಶಾಲೆಯ ಗೋಡೆ ಪತ್ರಿಕೆಯಲ್ಲಿ ಹಾಕೋಣ ಎಂದು ಹೇಳಿದಾಗ ಮಕ್ಕಳು ಹಿಗ್ಗಿದರು. ಪ್ರತಿಯೊಂದು ಪದವನ್ನು ಬರೆದವರನ್ನೇ ಕರೆದು, ಹಾಕಬಹುದೇ ಎಂದು ಕೇಳಿದೆ. ಇದು ನಾನು ಆ ದಿನದಿಂದ ಕಲಿತದ್ದು. ಮೀಟಿಂಗು, ಇಲ್ಲೇ, ಒಗ್ಗರಣಿ, ತ್ರೀಫೇಸು ಎಲ್ಲವೂ ಬಂದವು. ಹೆಬ್ಬೆಟ್ಟಿನ ಹುಡುಗಿ ಮನೆಯಲ್ಲಿ ಕೇಳಿ ಬಂದು, “ಅವ್ವ ಹಾಕು ಅಂದಾಳ್ರಿ, ಹೆಸರು ಮಾತ್ರ ಬ್ಯಾಡ ಅಂದಾಳ” ಎಂದಳು. ಕ್ಯಾಂಪಿನ ಹುಡುಗಿಯನ್ನು ಕೊನೆಗೆ ಕರೆದೆ. ಅಂದು ನಾನು ನಕ್ಕದ್ದು ತಪ್ಪಾಯಿತು, ನೀನು ಬರೆದ ಅರ್ಥದಲ್ಲಿ ತಪ್ಪಿಲ್ಲ ಎಂದು ಹೇಳಿದೆ. ಅವಳು ಅದಕ್ಕೆ ಏನೂ ಹೇಳದೆ, ಹಾಳೆ ಎಲ್ಲಿದೆ ಎಂದು ಕೇಳಿದಳು. ಮೊದಲ ಸಾಲು ಸಾಕು, ಜಾಗ ಕಡಿಮೆ ಇದೆ ಎಂದು ಗೋಡೆ ಪತ್ರಿಕೆಯ ಹೊಣೆ ಹೊತ್ತಿದ್ದ ಹುಡುಗ ಹೇಳಿದಾಗ, ಸ್ಕೆಚ್ ಪೆನ್ನಿನ ಮುಚ್ಚಳ ತೆಗೆಯುತ್ತ, “ಎರಡೂ ಬರೀತೀನಿ, ಇಲ್ಲಂದ್ರ ಒಂದೂ ಬ್ಯಾಡ” ಎಂದಳು.

ಹುಡುಗ ಹೇಳಿದಂತೆ ಹಾಳೆಯಲ್ಲಿ ಜಾಗ ಇರಲಿಲ್ಲ. ಅವಳು ಮೊದಲ ಸಾಲನ್ನು ದೊಡ್ಡದಾಗಿ ಬರೆದು, ಹಾಳೆಯನ್ನು ಅಡ್ಡಕ್ಕೆ ತಿರುಗಿಸಿ, ತಾತನ ಸಮಾಧಿಯ ಸಾಲನ್ನು ಅಂಚಿನ ಗುಂಟ ಸಣ್ಣ ಅಕ್ಷರದಲ್ಲಿ ಬರೆದಳು. ಗೋಡೆಗೆ ಹಚ್ಚಿದ ಮೇಲೆ ಅದನ್ನು ಓದಬೇಕೆಂದರೆ ಕುತ್ತಿಗೆ ಓರೆ ಮಾಡಿ ನಿಲ್ಲಬೇಕಿತ್ತು. ಬಿಡುವಿನ ವೇಳೆಯಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಹಾಗೆ ನಿಂತು ಓದುತ್ತಿದ್ದರು.